ಮೆತ್ತಗಿನ ಸೀಟು ಕರಾಡದವರೆಗೆ ಮಾತ್ರ

ಪುಣೆಯ ಕೋಥರೂಡಿನ ನನ್ನ ಮನೆಯಿಂದ ಧಾರವಾಡದ ಅವ್ವನ ಮನೆಗೆ 400 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ವರ್ಷಕ್ಕೆ ನಾಲ್ಕೈದು ಸಲ ಈ ದಾರಿಯನ್ನು ಬೈಕಿನ ಮೇಲೆ ಒಬ್ಬಳೇ ಹೋಗುತ್ತೇನೆ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಕಾತ್ರಜ್ ಸುರಂಗ ದಾಟುವಾಗ ಇನ್ನೂ ಕತ್ತಲು, ಖಂಬಾಟಕಿ ಬರುವಷ್ಟರಲ್ಲಿ ಬೆಳಕು. ಸಾತಾರಾದವರೆಗೆ ಏನೂ ತೊಂದರೆ ಇರುತ್ತಿರಲಿಲ್ಲ. ಕರಾಡ ಹತ್ತಿರವಾದಂತೆ ಶುರುವಾಗುತ್ತಿತ್ತು. ಮೊದಲು ಎಡಗಡೆ ಕುಂಡಿಯ ಮೂಳೆಯಲ್ಲಿ ಉರಿ, ಆಮೇಲೆ ಎರಡೂ ಕಡೆ ಜೋಮು. ಕೊಲ್ಹಾಪುರ ಮುಟ್ಟುವಾಗ ಐದೈದು ನಿಮಿಷಕ್ಕೊಮ್ಮೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುತ್ತಿದ್ದೆ. ಕೊಗನೊಳಿ ನಾಕಾ ದಾಟಿ ಕನ್ನಡ ಬೋರ್ಡು ಕಂಡರೂ ಮನಸ್ಸು ಅರಳುತ್ತಿರಲಿಲ್ಲ, ನಿಪ್ಪಾಣಿಯಲ್ಲಿ ಎಲ್ಲಿ ಇಳಿಯಲಿ ಅನ್ನುವುದೊಂದೇ ಚಿಂತೆ.

ನೋವಾದರೆ ಮೆತ್ತಗಿನದು ಬೇಕು ಅಂತ ಎಲ್ಲರಂತೆ ನಾನೂ ಅಂದುಕೊಂಡೆ. ಅಂಗಡಿಯೊಂದರಲ್ಲಿ ಜೆಲ್ ಪ್ಯಾಡ್ ಕೊಂಡೆ. ಅಲ್ಲಿ ಕೂತು ನೋಡಿದಾಗ ಬೆಣ್ಣೆಯ ಮೇಲೆ ಕೂತ ಹಾಗಿತ್ತು. ಮೇ ತಿಂಗಳಲ್ಲಿ ಕರಾಡದಲ್ಲಿ ಬಿಸಿಲಿಗೆ ಗಾಡಿ ನಿಲ್ಲಿಸಿ, ಚಹಾ ಕುಡಿದು ಬಂದು ಕೂತೆ ನೋಡಿ, ರೊಟ್ಟಿ ಹಂಚು! ಜೆಲ್ ಒಮ್ಮೆ ಕಾದರೆ ಬೇಗ ಆರುವುದಿಲ್ಲ. ಪಟ್ಟಿ ಸಡಿಲಾಗಿ ಪ್ರತಿ ತಿರುವಿನಲ್ಲೂ ಜಾರುತ್ತಿತ್ತು, ಅದು ನೋವಿಗಿಂತ ಅಪಾಯ. ಗಾಳಿ ತುಂಬುವ ಕುಶನ್ ಇದಕ್ಕಿಂತ ವಾಸಿ, ಆದರೆ ಗಟ್ಟಿಯಾಗಿ ಊದಬಾರದು. ಕೂತಾಗ ಮೂಳೆ ಸೀಟಿಗೆ ತಾಗದಷ್ಟು ಗಾಳಿ ಇದ್ದರೆ ಸಾಕು. ಗೆಳತಿಯದನ್ನು ಎರವಲು ತಂದು ಒಂದು ಸಲ ಹೋಗಿ ಬಂದೆ. ಅಡ್ಡಿಯಿಲ್ಲ ಅನ್ನಿಸಿತು, ಆದರೆ ಮೊದಲೇ ಎತ್ತರದ ಗಾಡಿ, ಸಿಗ್ನಲ್ಲಿನಲ್ಲಿ ನೆಲಕ್ಕೆ ಹೆಬ್ಬೆರಳು ಮಾತ್ರ ಎಟಕುತ್ತಿತ್ತು.

ಕೊನೆಗೆ ನಾನಾ ಪೇಠಿಗೆ ಹೋದೆ. ಪುಣೆಯಲ್ಲಿ ಬೈಕಿನ ಬಿಡಿಭಾಗ ಏನೇ ಬೇಕಾದರೂ ಜನ ಹುಡುಕುವುದು ಅಲ್ಲೇ. ಸೀಟು ಹೊಲಿಯುವ ಒಂದು ಸಣ್ಣ ಅಂಗಡಿಯ ಮುಂದೆ ನಿಂತು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದೆ. ಒಳಗಿನಿಂದ, "ಯಾವೂರ್ ತಂಗೀ, ಧಾರವಾಡ ಏನ?" ಅಂತ ಕೇಳಿತು. ಇಂಡಿ ಕಡೆಯ ಕಾಕಾ, ಮೂವತ್ತು ವರ್ಷದಿಂದ ಅಲ್ಲೇ ಕೂತು ಹೊಲಿಯುತ್ತಿದ್ದಾರಂತೆ.

ಅವರು ನನ್ನ ಸೀಟಿಗೆ ಹೆಬ್ಬೆರಳು ಒತ್ತಿದರು. ಬೆರಳು ಸಲೀಸಾಗಿ ಇಳಿದು ತಳದ ಪ್ಲಾಸ್ಟಿಕ್ಕಿಗೆ ತಾಗಿತು. "ಮೆತ್ತಂದು ಗಾದಿಗೆ ಚೆಂದ, ಗಾಡಿಗಲ್ಲ. ತಾಸಿನ ಮ್ಯಾಲೆ ನೀ ಈ ಪ್ಲಾಸ್ಟಿಕ್ ಮ್ಯಾಲೆ ಕುಂತಂಗ" ಅಂದರು. ನನಗೆ ಅಲ್ಲಿಯವರೆಗೆ ತಿಳಿಯದೇ ಇದ್ದದ್ದು ಅದೇ. ಕೂತಾಗ ನಮ್ಮ ಭಾರ ಬೀಳುವುದು ಕುಂಡಿಯ ಎರಡು ಮೂಳೆಗಳ ಮೇಲೆ. ಮೆತ್ತಗಿನ ಫೋಮ್ ಅಲ್ಲಿ ಪೂರ್ತಿ ಕುಸಿಯುತ್ತದೆ, ಸುತ್ತಲಿನ ಮಾಂಸ ಒತ್ತಿ ರಕ್ತ ಓಡಾಡುವುದು ಕಡಿಮೆಯಾಗುತ್ತದೆ, ನರ ಅದುಮುತ್ತದೆ, ಜೋಮು ಹಿಡಿಯುತ್ತದೆ. ಗಟ್ಟಿ ಫೋಮ್ ಮೊದಲ ಹತ್ತು ನಿಮಿಷ ಒರಟು ಅನ್ನಿಸಿದರೂ ನಾಲ್ಕನೇ ತಾಸಿನಲ್ಲೂ ಮೂಳೆಯನ್ನು ಎತ್ತಿ ಹಿಡಿದಿರುತ್ತದೆ.

ಅಳತೆಯ ಉಪಾಯವೂ ಅವರದೇ. ಮಿಕ್ಸರ್ ಬಂದಿದ್ದ ರಟ್ಟಿನ ಡಬ್ಬಿಯ ಒಂದು ಹಾಳೆಯನ್ನು ಮನೆಯಲ್ಲಿ ಗಟ್ಟಿ ಸ್ಟೂಲಿನ ಮೇಲೆ ಹಾಸಿ, ಮೊಣಕಾಲು ಸ್ವಲ್ಪ ಮೇಲೆತ್ತಿ ಎರಡು ನಿಮಿಷ ಕೂತೆ. ಎದ್ದು ಬೆಳಕಿಗೆ ಓರೆಯಾಗಿ ಹಿಡಿದರೆ ಎರಡು ಗುಳಿ ಸ್ಪಷ್ಟ. ನಡುವಿನಿಂದ ನಡುವಿಗೆ 13 ಸೆಂ.ಮೀ. ಸಾಮಾನ್ಯವಾಗಿ ಹೆಂಗಸರಲ್ಲಿ ಈ ಅಂತರ ಗಂಡಸರಿಗಿಂತ ಹೆಚ್ಚು. ನನ್ನ ಸೀಟು ನಾನು ಕೂರುವಲ್ಲೇ ದುಂಡಗೆ ಇಳಿಜಾರಾಗಿತ್ತು, ಮೂಳೆಗಳೆರಡೂ ಅಂಚಿನ ಮೇಲೆ. ಜೊತೆಗೆ ಮುಂದಕ್ಕೂ ಇಳಿಜಾರು. ಬ್ರೇಕ್ ಹಿಡಿದಾಗಲೆಲ್ಲ ಟ್ಯಾಂಕಿನ ಕಡೆ ಜಾರಿ, ಮೂಳೆ ಹೊರಬೇಕಾದ ಭಾರವನ್ನು ಮುಂದಿನ ಮೃದು ಭಾಗ ಹೊರುತ್ತಿತ್ತು. ಆ ನೋವನ್ನು ಅಂಗಡಿಯಲ್ಲಿ ಹೇಳಿಕೊಳ್ಳಲು ನಾಚಿ ಎಷ್ಟೋ ವರ್ಷ ಸುಮ್ಮನಿದ್ದೆ. ನೀವು ಸುಮ್ಮನಿರಬೇಡಿ, ಹೇಳಿ.

ಕಾಕಾ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ರೆಕ್ಸಿನ್ ಬಿಚ್ಚಿದರು. ನನ್ನನ್ನು ಬರೀ ಫೋಮಿನ ಮೇಲೆ ಕೂರಿಸಿ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಮುಂದೆ ಏರಿಸಿದರೆ ನೆಲ ಎಟಕುವುದಿಲ್ಲ, ಅದಕ್ಕೆ ಹಿಂದೆ ನಾನು ಕೂರುವ ಜಾಗವನ್ನೇ ಹ್ಯಾಕ್ಸಾ ಬ್ಲೇಡಿನಿಂದ ಕೆತ್ತಿ ಸಮತಟ್ಟು ಮಾಡಿದರು. ಅಲ್ಲಿ ಮೆತ್ತಗಿನದನ್ನು ತೆಗೆದು ಕೆಳಗೆ ಗಟ್ಟಿ ರೀಬಾಂಡ್ (ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ ಫೋಮ್), ಮೇಲೆ ಅರ್ಧ ಇಂಚು ಮಾತ್ರ ಮೃದು ಫೋಮ್. ಅಗಲವನ್ನು ಎರಡೂ ಬದಿಗೆ ಬೆಳೆಸಿದರು. ತೊಡೆ ಇಳಿಯುವ ಮುಂದಿನ ಬದಿಗಳನ್ನು ಮಾತ್ರ ಸವರಿ ಕಿರಿದು ಮಾಡಿದರು, ಕಾಲು ನೇರ ಕೆಳಗಿಳಿಯಲಿ ಅಂತ. ಹಳದಿ ಪುಡಿ ಅಂಗಡಿಯ ತುಂಬ ಹಾರುತ್ತಿತ್ತು. ನಾಲ್ಕು ಸಲ ಇಳಿಸಿ ನಾಲ್ಕು ಸಲ ಕೂರಿಸಿದರು. ಹೊಲಿಗೆಯನ್ನು ಬದಿಗೆ ಸರಿಸಿದ್ದಾರೆ, ಕೂರುವಲ್ಲಿ ಒಂದು ದಾರವೂ ಇಲ್ಲ, ಕವರಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆ. ನಮ್ಮ ಕಡೆಯ ಮಳೆಗಾಲದಲ್ಲಿ ಹೊಲಿಗೆಯಿಂದ ಫೋಮಿಗೆ ನೀರು ಇಳಿದರೆ ಎರಡು ದಿನ ಒದ್ದೆ ಸೀಟು.

ಬಟ್ಟೆಯ ಮಾತೂ ಇದೆ. ದಪ್ಪ ಹೊಲಿಗೆಯ ಜೀನ್ಸ್ ಹಾಕಿದರೆ ಎಂಥ ಸೀಟೂ ವ್ಯರ್ಥ. ಬೆವರು ಹೀರಿ ಒದ್ದೆಯಾಗೇ ಉಳಿಯುವ ಹತ್ತಿಯ ಒಳಚಡ್ಡಿಯನ್ನೂ ಆ ದಿನದ ಮಟ್ಟಿಗೆ ಬಿಟ್ಟಿದ್ದೇನೆ.

ಮೊದಲ ದಿನ ಕರ್ವೆ ರಸ್ತೆಯಲ್ಲಿ ಹಲಗೆಯ ಮೇಲೆ ಕೂತ ಹಾಗನಿಸಿ ಹೆದರಿದ್ದೆ. ನಾಲ್ಕು ದಿನ ಆಫೀಸಿಗೆ ಓಡಿಸಿ, ದೀಪಾವಳಿಗೆ ಊರಿನ ದಾರಿ ಹಿಡಿದೆ. ಸಾತಾರಾ, ಕೊಲ್ಹಾಪುರ, ಸಂಕೇಶ್ವರ ಅಂತ ಮೂರು ಕಡೆ ಇಳಿದೆ. ಸೀಟು ಎಷ್ಟೇ ಚೆನ್ನಾಗಿದ್ದರೂ ಇಳಿಯುವುದನ್ನು ಬಿಡಬಾರದು. ಕಿತ್ತೂರು ದಾಟುವಾಗ ಒಮ್ಮೆ ಸುಮ್ಮನೆ ನೆನಪು ಮಾಡಿಕೊಂಡೆ, ಬೆಳಗಾವಿಯಿಂದ ಇಲ್ಲಿಗೆ ಒಮ್ಮೆಯೂ ಎದ್ದು ನಿಂತಿರಲಿಲ್ಲ.

ಮನೆ ಮುಂದೆ ಇಳಿದು ನೆಟ್ಟಗೆ ನಡೆದು ಬಂದದ್ದನ್ನು ಕಟ್ಟೆಯ ಮೇಲೆ ಕೂತಿದ್ದ ಅವ್ವ ನೋಡುತ್ತಿದ್ದಳು. "ಹಿಂದ ಕುಂದ್ರಾವ್ರಿಗೂ ಹಿಂಗ ಮಾಡಿಸೀ ಏನ? ಉಳವಿಗೆ ಹೋಗಿ ಬರೂಣು" ಅಂದಳು. ಹಿಂದಿನ ಅರ್ಧ ಇನ್ನೂ ಹಳೆಯ ಫೋಮೇ. ಪುಣೆಗೆ ಮರಳಿದ ಮೊದಲ ಭಾನುವಾರ ಮತ್ತೆ ಕಾಕಾನ ಹತ್ತಿರ ಹೋಗುವವಳಿದ್ದೇನೆ. ಅವ್ವನನ್ನೂ ರಟ್ಟಿನ ಮೇಲೆ ಕೂರಿಸಿ ಅಳತೆ ತೆಗೆದುಕೊಂಡಿದ್ದೇನೆ.