ಸಿಇಟಿ ಚೆನ್ನಾಗಿ ಆಯ್ತು, ಪಿಯುಸಿ ಕೈಕೊಟ್ಟಿತು. ಸೀಟು ಸಿಗುತ್ತಾ?

ಮೇ ತಿಂಗಳು ಬಂತೆಂದರೆ ತೀರ್ಥಹಳ್ಳಿಯಲ್ಲಿ ನನಗೆ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಾರೆ. ರಾತ್ರಿ ಊಟ ಮುಗಿಸಿ ಫೋನ್ ಮಾಡುವವರೂ ಇದ್ದಾರೆ. "ಮೇಡಂ, ನಮ್ ಹುಡುಗಂಗೆ ಸಿಇಟಿ ಚೆನ್ನಾಗಿ ಆಗಿದೆ. ಪಿಯುಸಿಲಿ ಮಾತ್ರ ಮಾರ್ಕ್ಸ್ ಕಮ್ಮಿ ಬಂತು. ಇಂಜಿನಿಯರಿಂಗ್ ಸೀಟು ಸಿಗುತ್ತಾ?" ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಈ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಲ್ಲಿ ಉತ್ತರ ಕೊಟ್ಟರೆ ಕೇಳಿದವರಿಗೆ ಅನ್ಯಾಯ ಆಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಸೀಟು ಸಿಗುತ್ತದೆ. ಆದರೆ ಹುಡುಗ ಮನಸ್ಸಿನಲ್ಲಿಟ್ಟುಕೊಂಡ ಕಾಲೇಜು, ಆ ಬ್ರಾಂಚು ಸಿಗುತ್ತದಾ ಎನ್ನಬೇಕಾದರೆ ಪೇಪರ್ ಪೆನ್ನು ಹಿಡಿದು ಲೆಕ್ಕ ಹಾಕಬೇಕು. ನಮ್ಮಲ್ಲಿ ಹೆಚ್ಚಿನವರು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ಇಂಜಿನಿಯರಿಂಗ್ ರ‍್ಯಾಂಕಿಗೆ ಕೆಇಎ (ಸಿಇಟಿ ನಡೆಸಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಿಯುಸಿಯಿಂದ ಅರ್ಧ, ಸಿಇಟಿಯಿಂದ ಅರ್ಧ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಲೆಕ್ಕ. ಪಿಯುಸಿಯಲ್ಲಿ ಈ ಮೂರೂ ಸೇರಿ 300, ಸಿಇಟಿಯಲ್ಲಿ 180. 300ಕ್ಕೆ ಬಂದಿದ್ದನ್ನು 50ಕ್ಕೆ ಇಳಿಸುತ್ತಾರೆ, 180ಕ್ಕೆ ಬಂದಿದ್ದನ್ನೂ 50ಕ್ಕೆ ಇಳಿಸುತ್ತಾರೆ, ಎರಡನ್ನೂ ಕೂಡಿಸುತ್ತಾರೆ. ಹಾಗಾಗಿ 600ಕ್ಕೆ ಎಷ್ಟು ಬಂತು ಎಂದು ಮನೆಯವರು ಹೇಳುವ ಟೋಟಲ್ಲಿಗೆ ಇಲ್ಲಿ ಬೆಲೆ ಇಲ್ಲ. ಕನ್ನಡದಲ್ಲಿ 98 ಬಂದಿದ್ದರೆ ನನಗೂ ಖುಷಿಯೇ, ಆದರೆ ಅದು ರ‍್ಯಾಂಕಿಗೆ ಸೇರುವುದಿಲ್ಲ.

ಇದರಲ್ಲಿ ಒಂದು ಸುಲಭದ ಸೂತ್ರ ಇದೆ. ಸಿಇಟಿಯ 3 ಮಾರ್ಕು ಪಿಯುಸಿಯ 5 ಮಾರ್ಕಿಗೆ ಸಮ. ಈಗ ಇಬ್ಬರು ಮಕ್ಕಳನ್ನು ಇಟ್ಟುಕೊಳ್ಳೋಣ. ಹುಡುಗನಿಗೆ ಪಿಯುಸಿಯಲ್ಲಿ 300ಕ್ಕೆ 195, ಸಿಇಟಿಯಲ್ಲಿ 180ಕ್ಕೆ 126. ಹುಡುಗಿಗೆ ಪಿಯುಸಿಯಲ್ಲಿ 285, ಸಿಇಟಿಯಲ್ಲಿ ಬರೀ 72. ಸಿಇಟಿ ಒಂದನ್ನೇ ನೋಡಿದರೆ ಹುಡುಗ ಎಲ್ಲೋ ಮುಂದೆ ಇದ್ದಾನೆ ಅಲ್ವಾ? ಕೂಡಿಸಿ ನೋಡಿ. ಹುಡುಗನಿಗೆ 32.5 ಮತ್ತು 35, ಒಟ್ಟು 67.5. ಹುಡುಗಿಗೆ 47.5 ಮತ್ತು 20, ಒಟ್ಟು 67.5. ಇಬ್ಬರೂ ಒಂದೇ ಕಡೆ ನಿಂತರು. ಸಿಇಟಿಯಲ್ಲಿ ಅವನು ಗಳಿಸಿದ 54 ಮಾರ್ಕಿನ ಮುನ್ನಡೆಯನ್ನು ಪಿಯುಸಿಯ 90 ಮಾರ್ಕು ತಿಂದು ಹಾಕಿತು.

ಇದನ್ನು ತೋರಿಸಿದಾಗ ಅಪ್ಪಂದಿರ ಮುಖ ಬಾಡುತ್ತದೆ. ಆದರೆ ಇದೇ ಲೆಕ್ಕದಲ್ಲಿ ಧೈರ್ಯವೂ ಇದೆ. ಪಿಯುಸಿ ಅಷ್ಟು ಕೆಟ್ಟಿದ್ದರೂ 95 ಪರ್ಸೆಂಟಿನ ಹುಡುಗಿಯ ಸಮಕ್ಕೆ ಬರಲು ಅವನಿಗೆ ಸಾಧ್ಯವಾಗಿದ್ದು ಸಿಇಟಿಯಿಂದಲೇ. ಅವನ ಕಷ್ಟ ವ್ಯರ್ಥವಾಗಿಲ್ಲ.

ಇದಕ್ಕಿಂತ ಮೊದಲು ನೋಡಬೇಕಾದ್ದು ಒಂದಿದೆ. ಪಿಯುಸಿಯ ಆ ಮೂರು ವಿಷಯ ಸೇರಿ ಜನರಲ್‌ನವರಿಗೆ 45 ಪರ್ಸೆಂಟ್, ಅಂದರೆ 300ಕ್ಕೆ 135 ಇರಲೇಬೇಕು. ಎಸ್‌ಸಿ, ಎಸ್‌ಟಿ, ಕೆಟಗರಿ-1 ಮತ್ತು ಉಳಿದ ಹಿಂದುಳಿದ ವರ್ಗದವರಿಗೆ 40 ಪರ್ಸೆಂಟ್. ಅದಕ್ಕಿಂತ ಕೆಳಗೆ ಹೋದರೆ ಸಿಇಟಿಯಲ್ಲಿ ಎಷ್ಟೇ ಬಂದಿರಲಿ, ಇಂಜಿನಿಯರಿಂಗ್ ರ‍್ಯಾಂಕ್ ಕೊಡುವುದಿಲ್ಲ.

ಇನ್ನು, ಹಿಂದಿನ ವರ್ಷಗಳಲ್ಲಿ ಸೀಟು ಪಡೆದ ಅಣ್ಣಂದಿರ ಕಥೆಯನ್ನು ನಂಬಬೇಡಿ. 2021ರಲ್ಲಿ ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಆ ವರ್ಷ ಸಿಇಟಿ ಮಾರ್ಕಿನ ಮೇಲೆ ಮಾತ್ರ ರ‍್ಯಾಂಕ್ ಕೊಟ್ಟರು. 2024ರಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ಗಲಾಟೆಯಾಗಿ 50 ಪ್ರಶ್ನೆ ಕೈಬಿಟ್ಟರು. ಇಷ್ಟು ಮಾರ್ಕಿಗೆ ಇಷ್ಟು ರ‍್ಯಾಂಕ್ ಎಂದು ವಾಟ್ಸಾಪಿನಲ್ಲಿ ಓಡಾಡುವ ಪಟ್ಟಿ ಯಾವ ವರ್ಷದ್ದು ಎಂದು ಮೊದಲು ನೋಡಿ. ಕಾಲೇಜಿನ ಕಟಾಫ್ ರ‍್ಯಾಂಕ್ ನೋಡುವುದಾದರೆ ಕೆಇಎ ವೆಬ್‌ಸೈಟಿನಲ್ಲೇ ಹಿಂದಿನ ವರ್ಷಗಳದ್ದು ಸಿಗುತ್ತದೆ. ಅದನ್ನು ನೋಡಿದರೆ ಸಾಕು.

ಒಳ್ಳೆ ಬುದ್ಧಿ ಇರುವ ಮಕ್ಕಳಿಗೆ ಪಿಯುಸಿಯಲ್ಲಿ ಯಾಕೆ ಕಮ್ಮಿ ಬರುತ್ತದೆ? ನನಗೆ ತುಂಬಾ ಬೇಜಾರು ತರುವುದು ಇದೇ. ಹೊಸನಗರ ಕಡೆಯ ಒಬ್ಬ ಹುಡುಗ ತನ್ನ ಫಿಸಿಕ್ಸ್ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸಿಕೊಂಡು ನನ್ನ ಹತ್ತಿರ ಬಂದಿದ್ದ. ಐದು ಮಾರ್ಕಿನ ಪ್ರಾಬ್ಲಂ, ಕೆಪಾಸಿಟರಿನದ್ದು. ಉತ್ತರ ಸರಿ ಇದೆ. ಆದರೆ ಇಡೀ ಪುಟದಲ್ಲಿ ಇರುವುದು ಎರಡು ಸಾಲು. ಸೂತ್ರ ಬರೆದಿಲ್ಲ, ಬೆಲೆಗಳನ್ನು ಎಲ್ಲಿ ಹಾಕಿದ ಎಂದು ತೋರಿಸಿಲ್ಲ, ಕೊನೆಯಲ್ಲಿ ಯೂನಿಟ್ ಕೂಡ ಇಲ್ಲ. ಬೋರ್ಡಿನ ಮೌಲ್ಯಮಾಪನದಲ್ಲಿ ಸೂತ್ರಕ್ಕೆ ಬೇರೆ ಮಾರ್ಕು, ಬೆಲೆ ಹಾಕಿದ್ದಕ್ಕೆ ಬೇರೆ, ಯೂನಿಟ್ ಸಮೇತ ಉತ್ತರಕ್ಕೆ ಬೇರೆ. "ಮನಸ್ಸಲ್ಲೇ ಮಾಡಿದೆ ಮೇಡಂ, ಸಿಇಟಿಗೆ ಹಾಗೇ ಪ್ರಾಕ್ಟೀಸ್ ಮಾಡಿದ್ದು" ಎಂದ. ಅವನು ಹೇಳಿದ್ದು ನಿಜ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 80 ನಿಮಿಷಕ್ಕೆ 60 ಪ್ರಶ್ನೆ. ಸ್ಟೆಪ್ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುವುದೂ ಇಲ್ಲ. ಎರಡು ವರ್ಷ ಬಬಲ್ ತುಂಬಿಸುವುದನ್ನೇ ಅಭ್ಯಾಸ ಮಾಡಿದ ಕೈಗೆ ಮೂರು ಗಂಟೆ ಕೂತು ಬರೆಯುವುದು ಬರುವುದಿಲ್ಲ. ಡೆರಿವೇಶನ್ ಗೊತ್ತಿರುತ್ತದೆ, ಚಿತ್ರ ಬಿಡಿಸಿರುವುದಿಲ್ಲ. ಹೀಗೆ ಒಂದೊಂದೇ ಮಾರ್ಕು ಉದುರಿ ಒಂದು ವಿಷಯದಲ್ಲಿ ಇಪ್ಪತ್ತು, ಇಪ್ಪತ್ತೈದು ಹೋಗುತ್ತದೆ.

ಪಿಯುಸಿ ಮಾರ್ಕ್ಸ್ ಬಿಟ್ಟು ಬರೀ ಸಿಇಟಿ ನೋಡಬೇಕು ಎಂದು ವಾದಿಸುವವರು ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ, ನಿಟ್ಟೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದುವ ಮಕ್ಕಳಿಗೆ ಕೋಚಿಂಗ್ ಎಲ್ಲಿಂದ ಬರಬೇಕು? ಪಠ್ಯಪುಸ್ತಕ ಎಲ್ಲರಿಗೂ ಒಂದೇ. ಅದನ್ನು ಚೆನ್ನಾಗಿ ಓದಿ ಬರೆದರೆ ಆ ಮಗುವಿಗೂ ಅರ್ಧ ರ‍್ಯಾಂಕ್ ಗಟ್ಟಿಯಾಗುತ್ತದೆ. ಆ ಅರ್ಧವನ್ನೂ ಕಿತ್ತುಕೊಂಡರೆ ದುಡ್ಡು ಕೊಟ್ಟು ಕೋಚಿಂಗ್ ಪಡೆದವರಿಗೆ ಮಾತ್ರ ದಾರಿ ಉಳಿಯುತ್ತದೆ.

ಈಗ, ಆಗಿಹೋದದ್ದಕ್ಕೆ ಏನು ಮಾಡಬಹುದು? 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಪರೀಕ್ಷೆ-2 ಬರೆದರೆ ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದು ಉಳಿಯುತ್ತದೆ. ಕಮ್ಮಿ ಬಂದರೆ ನಷ್ಟ ಇಲ್ಲ. ಎಲ್ಲ ವಿಷಯ ಬರೆಯಬೇಕೆಂದೂ ಇಲ್ಲ. 2024ರಲ್ಲಿ ಪರೀಕ್ಷೆ-2ರ ಮಾರ್ಕನ್ನೂ ಕೆಇಎ ರ‍್ಯಾಂಕಿಗೆ ತೆಗೆದುಕೊಂಡಿತು. ನಿಮ್ಮ ವರ್ಷದ ಪ್ರಕಟಣೆಯನ್ನು ಓದಿಕೊಳ್ಳಿ. ಮಕ್ಕಳು ಸಿಇಟಿ ಮುಗಿಸಿ ಸುಸ್ತಾಗಿರುತ್ತಾರೆ, ಇನ್ನೊಂದು ಪರೀಕ್ಷೆ ಬೇಡ ಎನ್ನುತ್ತಾರೆ. ಮ್ಯಾಥ್ಸ್ ಒಂದರಲ್ಲೇ 25 ಮಾರ್ಕು ಏರಿದರೆ ಸಿಇಟಿಯಲ್ಲಿ 15 ಮಾರ್ಕು ಹೆಚ್ಚು ತೆಗೆದ ಹಾಗೆ. ಸಿಇಟಿಯಲ್ಲಿ 15 ಮಾರ್ಕು ಏರಿಸಲು ಎಷ್ಟು ತಿಂಗಳು ಒದ್ದಾಡಬೇಕು ಎಂದು ಆ ಮಕ್ಕಳನ್ನೇ ಕೇಳಿ. ಒಂದು ವರ್ಷ ಸುಮ್ನೆ ಮನೆಯಲ್ಲಿ ಕೂತು ಮತ್ತೆ ಸಿಇಟಿ ಬರೆಯುತ್ತೇನೆ ಎನ್ನುವವರಿಗೂ ನಾನು ಇದನ್ನೇ ಹೇಳುವುದು. ಹಳೇ ಪಿಯುಸಿ ಮಾರ್ಕ್ಸ್ ಇಟ್ಟುಕೊಂಡೇ ಮತ್ತೆ ಬರೆದರೆ ಅರ್ಧ ಭಾರ ಹಾಗೇ ಹೆಗಲ ಮೇಲಿರುತ್ತದೆ.

ಪಿಯುಸಿ ಮಾರ್ಕು ಅಷ್ಟಾಗಿ ಅಡ್ಡ ಬಾರದ ಕಡೆಗಳೂ ಇವೆ. ಶಿವಮೊಗ್ಗದ ಸಿಮ್ಸ್ ಆಗಲಿ ಬೇರೆ ಯಾವ ಮೆಡಿಕಲ್ ಕಾಲೇಜಾಗಲಿ, ಎಂಬಿಬಿಎಸ್ ಸೀಟಿಗೆ ನೀಟ್ ರ‍್ಯಾಂಕ್ ಮಾತ್ರ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಜನರಲ್‌ನವರಿಗೆ 50 ಪರ್ಸೆಂಟ್, ಮೀಸಲಾತಿಯವರಿಗೆ 40 ಇದ್ದರೆ ಪಿಯುಸಿಯ ಕೆಲಸ ಅಲ್ಲಿಗೆ ಮುಗಿಯಿತು. ಕಾಮೆಡ್‌-ಕೆಯಲ್ಲೂ ಕನಿಷ್ಠ ಪರ್ಸೆಂಟ್ ದಾಟಿದ ಮೇಲೆ ಆ ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆಯ ಮಾರ್ಕೇ ರ‍್ಯಾಂಕು. ಆದರೆ ಫೀಸು ಕೆಇಎ ಸೀಟಿಗಿಂತ ಬಹಳ ಜಾಸ್ತಿ. ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಖರ್ಚು ಎಲ್ಲ ಬರೆದುಕೊಂಡು ನೋಡದೆ ತೋಟದ ಮೇಲೆ ಸಾಲ ಎತ್ತಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಸುರತ್ಕಲ್ ಎನ್‌ಐಟಿಯ ಕಥೆ ಬೇರೆ. ರ‍್ಯಾಂಕ್ ಜೆಇಇ ಮೇನ್‌ನಿಂದಲೇ, ಆದರೆ ಹನ್ನೆರಡನೇ ತರಗತಿಯಲ್ಲಿ 75 ಪರ್ಸೆಂಟ್ ಇರಬೇಕು, ಇಲ್ಲವೇ ನಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿರಬೇಕು. ಎಸ್‌ಸಿ, ಎಸ್‌ಟಿಗೆ 65 ಪರ್ಸೆಂಟ್. ಇಲ್ಲಿ ಭಾಷೆಯ ಮಾರ್ಕೂ ಲೆಕ್ಕಕ್ಕೆ ಬರುತ್ತದೆ. ಜೆಇಇ ಓದುವ ಮಕ್ಕಳು ಕನ್ನಡ, ಇಂಗ್ಲಿಷ್ ಕ್ಲಾಸಿಗೆ ಚಕ್ಕರ್ ಹೊಡೆಯುವುದನ್ನು ನೋಡಿದಾಗ ನನಗೆ ಹೆದರಿಕೆಯಾಗುವುದು ಇದಕ್ಕೇ.

ನಮ್ಮ ತೋಟದ ಮನೆಗಳ ಮಕ್ಕಳಿಗೆ ಬಿಎಸ್ಸಿ ಅಗ್ರಿಯನ್ನೂ ನೆನಪಿಸುತ್ತೇನೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ. ಕೃಷಿಕರ ಕೋಟಾದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ, ಅದರ ಮಾರ್ಕಿಗೂ ರ‍್ಯಾಂಕಿನಲ್ಲಿ ಪಾಲಿದೆ. ಬೀಜ, ಗೊಬ್ಬರ, ಗಿಡ, ಸಲಕರಣೆ ತೋರಿಸಿ ಗುರುತಿಸಲು ಹೇಳುತ್ತಾರೆ. ಗದ್ದೆ ತೋಟದಲ್ಲಿ ಕೈ ಮಣ್ಣು ಮಾಡಿಕೊಂಡ ಮಗುವಿಗೆ ಇದು ದೊಡ್ಡ ಆಸರೆ.

ಮಾರ್ಕಿನ ಜೊತೆಗೆ ಕಾಗದ ಪತ್ರವೂ ಸೀಟು ಕೊಡಿಸುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15 ಪರ್ಸೆಂಟ್ ಗ್ರಾಮೀಣ ಮೀಸಲಾತಿ ಇದೆ, ಹತ್ತೂ ವರ್ಷ ಕನ್ನಡ ಮಾಧ್ಯಮದವರಿಗೆ 5 ಪರ್ಸೆಂಟ್. ಒಂದು ವಿಷಯ ಗಮನಿಸಿ. ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆ ಗ್ರಾಮೀಣಕ್ಕೆ ಸೇರುವುದಿಲ್ಲ. ಒಂಬತ್ತನೇ ತರಗತಿಗೆ ಮಗನನ್ನು ತೀರ್ಥಹಳ್ಳಿ ಪೇಟೆಯ ಶಾಲೆಗೆ ಹಾಕಿದ್ದರೆ ಈ ಮೀಸಲಾತಿ ಹೋಯಿತು. ಅರ್ಹತೆ ಇದ್ದವರು ಸಿಇಟಿ ಅರ್ಜಿಯಲ್ಲೇ ಕೇಳಿಕೊಳ್ಳಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿಕೊಳ್ಳಬೇಕು. ಒಳ್ಳೆ ಹಕ್ಕಿದ್ದೂ ಈ ಒಂದು ಕಾಗದಕ್ಕೆ ಕಳೆದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕೊನೆಗೆ ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ಕ್ರಮವಾಗಿ ತುಂಬುವುದು. "ನನ್ನ ರ‍್ಯಾಂಕಿಗೆ ಅದು ಸಿಗಲ್ಲ" ಎಂದು ಮಕ್ಕಳು ತಮಗೆ ಬೇಕಾದ ಕಾಲೇಜನ್ನು ಕೆಳಗೆ ಹಾಕುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಹಾಗೆ ಮಾಡಬಾರದು. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದನ್ನು ಕೊಡುತ್ತದೆ. ಬೆಂಗಳೂರಿನ ಕಾಲೇಜು ಮೇಲೆ ಹಾಕಿದ್ದಕ್ಕೆ ಕೆಳಗಿರುವ ಶಿವಮೊಗ್ಗದ ಜೆಎನ್‌ಎನ್‌ಸಿಇಯೋ, ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜೋ ತಪ್ಪಿಹೋಗುವುದಿಲ್ಲ. ಬೇಕಾದದ್ದನ್ನು ಮೇಲೆ ಹಾಕಿ, ಸಿಕ್ಕರೆ ಸಾಕು ಎನ್ನುವಂಥದ್ದನ್ನು ಕೆಳಗೆ ಧಾರಾಳವಾಗಿ ಸೇರಿಸಿ. ಪಿಯುಸಿ ಕಮ್ಮಿ ಇರುವವರು ಪಟ್ಟಿ ಉದ್ದ ಇಟ್ಟಷ್ಟೂ ಒಳ್ಳೆಯದು. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಎಂದು ಮೊದಲೇ ತೋರಿಸುವ ಪಟ್ಟಿ) ಬಂದ ಮೇಲೆ ಪಟ್ಟಿ ಬದಲಾಯಿಸಲು ಅವಕಾಶ ಇರುತ್ತದೆ. ಅದು ಬರುವಷ್ಟರಲ್ಲಿ ನಮ್ಮಲ್ಲಿ ಮಳೆ ಜೋರಾಗಿರುತ್ತದೆ, ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ಟವರೂ ಇರುವುದಿಲ್ಲ. ಹಾಗಾಗಿ ಕೊನೆಯ ದಿನದ ತನಕ ಕಾಯದೆ, ಒಂದೆರಡು ದಿನ ಮೊದಲೇ ಪೇಟೆಗೆ ಬಂದು ಸೈಬರ್ ಸೆಂಟರಿನಲ್ಲಿ ಕೂತು ಮುಗಿಸಿ. ಪಾಸ್‌ವರ್ಡ್ ಮಾತ್ರ ಮಗುವಿನ ಹತ್ತಿರವೇ ಇರಲಿ.