ಅಮ್ಮ ಬಂದರೆ ಅವರ ಕೂಲಿ ನಿಲ್ಲುತ್ತದೆ

ಈ ವಾರ ನನ್ನ ಮಗಳ ಡೇಕೇರ್‌ನ ಬಾಗಿಲಲ್ಲಿ ಕೇಳಿದ ಒಂದು ಉತ್ತರ ಇನ್ನೂ ಕಿವಿಯಲ್ಲೇ ಇದೆ. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಘಟಕವೊಂದರಲ್ಲಿ ಟೈಲರ್ ಆಗಿರುವ ಹೆಣ್ಣುಮಗಳೊಬ್ಬರು ಒಂದೂವರೆ ವರ್ಷದ ಗಂಡುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೀಸು ವಿಚಾರಿಸಲು ಬಂದಿದ್ದರು. ಅವರ ವೇಲಿನ ಮೇಲೆ ಬಿಳಿ ನೂಲಿನ ಚೂರುಗಳು ಅಂಟಿಕೊಂಡಿದ್ದವು. ಮಗು ಅವನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳಲು ಹೋಗುತ್ತಿದ್ದರೆ, ಅವರು ಮಾತು ನಿಲ್ಲಿಸದೆಯೇ ಅದರ ಬೆರಳು ಬಿಡಿಸುತ್ತಿದ್ದರು.

ತಿಂಗಳಿಗೆ ಎಂಟು ಸಾವಿರ ಎಂದು ಡೇಕೇರ್ ನಡೆಸುವವರು ಹೇಳಿದರು. "ಪಿಎಫ್, ಇಎಸ್‌ಐ ಎಲ್ಲ ಹಿಡಿದು ನನ್ನ ಕೈಗೆ ಬರೋದೇ ಹನ್ನೆರಡೂವರೆ ಸಾವಿರ ಮೇಡಂ," ಎಂದರು ಆಕೆ. ಅಷ್ಟರಲ್ಲಿ ಮೊಮ್ಮಗನನ್ನು ಕರೆದೊಯ್ಯಲು ಬಂದು ನಿಂತಿದ್ದ ಹಿರಿಯರೊಬ್ಬರು, "ಊರಿಂದ ಅಮ್ಮನ್ನ ಕರೆಸ್ಕೊಳಮ್ಮ, ಯಾಕೆ ಸುಮ್ನೆ ಖರ್ಚು," ಎಂದರು. ಆಕೆಗೆ ಸಿಟ್ಟು ಬರಲಿಲ್ಲ. "ಅಮ್ಮ ಇಲ್ಲಿಗೆ ಬಂದ್ರೆ ಅಲ್ಲಿ ಅವ್ರ ಕೂಲಿ ನಿಲ್ಲುತ್ತಲ್ಲ ಸಾರ್," ಎಂದಷ್ಟೇ ಹೇಳಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡರು.

ಆ ಹಿರಿಯರು ಒಳ್ಳೆಯವರು. ಮಳೆಯಿರಲಿ ಬಿಸಿಲಿರಲಿ, ಮೊಮ್ಮಗನನ್ನು ಕರೆದೊಯ್ಯಲು ತಪ್ಪದೆ ಬರುತ್ತಾರೆ. ಆದರೆ ಅವರಿಗೆ ಪಿಂಚಣಿ ಇದೆ. ಅಜ್ಜಿ ಎಂದರೆ ಮನೆಯಲ್ಲಿ ಬಿಡುವಾಗಿ ಕುಳಿತಿರುವವಳು, ಕರೆದ ತಕ್ಷಣ ಬ್ಯಾಗು ಹಿಡಿದು ಬಸ್ಸು ಹತ್ತುವವಳು ಎಂಬ ನಂಬಿಕೆ ನಮ್ಮಂಥ ಮನೆಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಮಧುಗಿರಿ ಕಡೆಯ ಹೊಲದಲ್ಲಿ ಕಳೆ ಕೀಳುತ್ತಿರುವ ಐವತ್ತರ ಹೆಂಗಸೂ ಅಜ್ಜಿಯೇ, ಅವಳ ದಿನಗೂಲಿಯಿಂದಲೂ ಒಂದು ಮನೆ ನಡೆಯುತ್ತಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಅಮ್ಮನನ್ನು ಕರೆಸಿಕೊಂಡಾಗ ಮಗು ನೋಡಿಕೊಳ್ಳುವ ಖರ್ಚು ಇಲ್ಲವಾಗುವುದಿಲ್ಲ, ಬೆಂಗಳೂರಿನ ಲೆಕ್ಕದಿಂದ ಊರಿನ ಲೆಕ್ಕಕ್ಕೆ ಜಾರುತ್ತದೆ, ಅಷ್ಟೆ. ಅಮ್ಮನೂ ಬರಲಾಗದಿದ್ದರೆ ಆ ಭಾರ ಶಾಲೆ ಬಿಟ್ಟ ಅಕ್ಕನ ತಲೆಗೆ ಬೀಳುತ್ತದೆ.

ಫ್ಯಾಕ್ಟರಿಯಲ್ಲೇ ಶಿಶುವಿಹಾರ ಇರಬೇಕಲ್ಲವೇ ಎಂದು ನಾನು ಕೇಳಿದೆ. ಮೊದಲಿದ್ದ ದೊಡ್ಡ ಕಂಪನಿಯಲ್ಲಿ ಇತ್ತಂತೆ. ಅದು ದೂರವಾಯಿತೆಂದು ಮನೆಯ ಹತ್ತಿರದ ಸಣ್ಣ ಯೂನಿಟ್ಟಿಗೆ ಬಂದಿದ್ದಾರೆ, ಇಲ್ಲಿ ಇರುವುದು ನಲವತ್ತು ಜನ. ಕೆಲಸದ ಜಾಗದಲ್ಲಿ ಮಕ್ಕಳಿಗೆ ಕೋಣೆ ಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಾಗ, ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದೆಂಬ ಹಕ್ಕೂ ಸಿಕ್ಕಿತು. ನಲವತ್ತು ಜನರ ಯೂನಿಟ್ಟಿನ ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ ಅದರಿಂದ ಒಂದು ತೊಟ್ಟಿಲೂ ದಕ್ಕಲಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡುವ ವಿಷಯವೊಂದಿದೆ. ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಒಳಪಟ್ಟ ಕಾರ್ಮಿಕಳ ಹೆರಿಗೆ ರಜೆಯ ಹಣವನ್ನು ಅವಳ ಮಾಲೀಕರೊಬ್ಬರೇ ಕೊಡುವುದಿಲ್ಲ. ಮಾಲೀಕರೆಲ್ಲ ಸಂಬಳದ ಶೇ. 3.25ರಷ್ಟು, ಕಾರ್ಮಿಕರು ಶೇ. 0.75ರಷ್ಟು ಕಟ್ಟುವ ನಿಧಿಯಿಂದ ಅದು ಬರುತ್ತದೆ. ಗಂಡಸರ ಸಂಬಳದಿಂದಲೂ ಆ ನಿಧಿಗೆ ಹಣ ಹೋಗುವುದರಿಂದ, ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡರೆ ಹೆಚ್ಚು ಖರ್ಚು ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಅದೇ ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಶಿಶುವಿಹಾರದ ಖರ್ಚು ಮಾತ್ರ ಆಯಾ ಕಂಪನಿಯ ತಲೆಗೆ, ಕಂಪನಿ ಚಿಕ್ಕದಾಗಿದ್ದರೆ ತಾಯಿಯ ತಲೆಗೆ ಬರುತ್ತದೆ. ಹೆರಿಗೆಗೆ ಎಲ್ಲರೂ ಸೇರಿ ಹಣ ಹಾಕಬಹುದಾದರೆ, ಹುಟ್ಟಿದ ಮಗುವಿನ ಮುಂದಿನ ಎರಡೂವರೆ ವರ್ಷಕ್ಕೂ ಅದೇ ರೀತಿ ಹಾಕುವುದಕ್ಕೆ ಅಡ್ಡಿಯೇನು?

ಎರಡೂವರೆ ವರ್ಷ ಎಂದೆ, ಏಕೆಂದರೆ ಮೂರು ತುಂಬಿದ ಮೇಲೆ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದಲ್ಲಿ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಆರಿಸಿಕೊಂಡದ್ದು ಟಿ. ನರಸೀಪುರವನ್ನು, ಅಂದಿನಿಂದ ಅರ್ಧ ಶತಮಾನದಲ್ಲಿ ಅಂಗನವಾಡಿ ಮುಟ್ಟದ ಊರಿಲ್ಲ. ಆದರೆ ಮೂರರೊಳಗಿನ ಮಕ್ಕಳಿಗೆ ಅಲ್ಲಿಂದ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ಲಸಿಕೆ, ತೂಕದ ಲೆಕ್ಕ. ಇಡೀ ದಿನ ಬಿಟ್ಟುಹೋಗುವ ಜಾಗವಲ್ಲ. ಮೂರು ದಾಟಿದವರಿಗೂ ಬಾಗಿಲು ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಗಾರ್ಮೆಂಟ್ಸ್‌ನ ಪಾಳಿ ಆಗ ಇನ್ನೂ ಬಿಟ್ಟಿರುವುದಿಲ್ಲ. ಹಳ್ಳಿಗಳಲ್ಲಿ ಈ ಕಷ್ಟವನ್ನು ಸರ್ಕಾರ ಗುರುತಿಸಿದೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ. 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿಯೇ ಹುಟ್ಟಿದ್ದು. ಉದ್ಯೋಗ ಚೀಟಿ ಇರುವ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆಗೆ ನೇಮಿಸಿಕೊಳ್ಳುವ ಅದರ ಕ್ರಮ ಬಹಳ ವಿವೇಕದ್ದು. ಅದೇ ತಾಯಿ ಕೆಲಸ ಹುಡುಕಿಕೊಂಡು ಬೊಮ್ಮನಹಳ್ಳಿಗೆ ಬಂದರೆ, ಇಲ್ಲಿ ಅವಳಿಗೆ ಅಂಥ ಮನೆಯಿಲ್ಲ.

ನಮ್ಮ ಡೇಕೇರ್‌ನವರು ಹೆಚ್ಚು ಕೇಳುತ್ತಿದ್ದಾರೆ ಎಂದು ನಾನು ಹೇಳಲಾರೆ. ಮನೆ ಬಾಡಿಗೆ, ಹಾಲು, ಇಬ್ಬರು ಆಯಾಗಳ ಸಂಬಳ ಎಲ್ಲವೂ ಆ ಫೀಸಿನಲ್ಲೇ ಆಗಬೇಕು. ಫೀಸು ಇಳಿಸಿ ಎಂದರೆ ಮೊದಲು ಕೈ ಬೀಳುವುದು ಆಯಾಗಳ ಸಂಬಳಕ್ಕೆ. ನನ್ನ ಮಗಳಿಗೆ ದಿನವೂ ಅನ್ನ ಕಲಸಿ ತಿನ್ನಿಸುವವರೂ ಮಕ್ಕಳೊಂದಿಗರೇ, ಅವರ ಎಳೆಯ ಮಗ ಪಕ್ಕದ ಮನೆಯವರ ದಯೆಯಲ್ಲಿ ಬೆಳೆಯುತ್ತಿದ್ದಾನೆ. ದುಡಿಯುವ ಒಬ್ಬ ತಾಯಿಯ ಹೊರೆ ಇಳಿಸಲು ಇನ್ನೊಬ್ಬ ತಾಯಿಯ ಸಂಬಳ ಕತ್ತರಿಸುವುದನ್ನು ನಾನು ಒಪ್ಪಲಾರೆ.

ಮಾರನೆಯ ದಿನ ನಮ್ಮ ಬೀದಿಯ ಅಂಗನವಾಡಿ ಟೀಚರನ್ನು ಕೇಳಿದೆ. ಮೂರು ತುಂಬದ ಮಗುವನ್ನು ಸೇರಿಸಿಕೊಳ್ಳಲು ಆಗುವುದಿಲ್ಲ ಎಂದರು. ಪಾಠ, ಅಡುಗೆಯ ಉಸ್ತುವಾರಿ, ಮನೆಮನೆ ಸರ್ವೆ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಎಲ್ಲವೂ ಅವರೊಬ್ಬರದೇ. ಸಂಜೆ ಏಳರವರೆಗೆ ತೆರೆದಿಡಿ ಎಂದು ಅವರಿಗೆ ಹೇಳುವುದು ಅನ್ಯಾಯ. ನಾಲ್ಕರ ಮೇಲೆ ಬೇರೆಯವರು ಬರಲಿ, ಆ ಸಂಬಳ ಇಎಸ್‌ಐನಂಥ ನಿಧಿಯಿಂದ ಬರಲಿ, ತೆವಳುವ ಮಕ್ಕಳಿಗೆ ಪಕ್ಕದಲ್ಲಿ ಒಂದು ಕೋಣೆ ಕಟ್ಟಲಿ ಎಂದು ನಮ್ಮ ಬೀದಿಯ ಕೆಲವರು ಸೇರಿ ಶಾಸಕರಿಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಮನವಿ ಬರೆಯುತ್ತಿದ್ದೇವೆ. ಆ ಟೈಲರ್ ಸಹಿ ಹಾಕುತ್ತೇನೆ ಎಂದಿದ್ದಾರೆ, ಭಾನುವಾರ ಬಂದರೆ ಮಾತ್ರ ಸಿಗುತ್ತಾರಂತೆ.