ಮಳೆಗಾಲಕ್ಕೆ ಮೊದಲು ಎಂಜಿನ್ ಲೆಕ್ಕ

ಮೇ 18, 2025, ಭಾನುವಾರ
ಗಂಗೊಳ್ಳಿ

ನಾಡದೋಣಿಯ ಎಂಜಿನ್ ರಿಪೇರಿ ಮಾಡಿಸುವುದಾ, ಹೊಸದು ತರುವುದಾ ಎಂದು ಮನೆಯಲ್ಲಿ ಶಿವರಾತ್ರಿಯಿಂದಲೂ ಎಳೆದಾಟ. ಹವಾಮಾನ ಇಲಾಖೆ ಈ ಸಲ ಮೇ 27ರ ಸುಮಾರಿಗೇ ಕೇರಳಕ್ಕೆ ಮುಂಗಾರು ಎಂದಿದೆ. ಇನ್ನು ಎಳೆಯುವುದಕ್ಕೆ ದಿನ ಇಲ್ಲ. ಬೆಳಿಗ್ಗೆ ಮೆಕ್ಯಾನಿಕ್‌ನನ್ನು ಕರೆಸಿದೆವು.

ಎಂಜಿನ್ ಸ್ಟಾರ್ಟ್ ಆಗುವುದಿಲ್ಲ ಎಂದಲ್ಲ. ಒಂದೇ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಎಂಜಿನ್ ಮೊದಲು ಪೆಟ್ರೋಲಲ್ಲಿ ಶುರುವಾಗಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ, ಇಲ್ಲದಿದ್ದರೆ ಮರುದಿನ ಹಗ್ಗ ಎಳೆದೂ ಎಳೆದೂ ರಟ್ಟೆ ಬೀಳುತ್ತದೆ. ನಮ್ಮದರ ತೊಂದರೆ ಸೀಮೆಎಣ್ಣೆಗೆ ತಿರುಗಿಸಿದ ಮೇಲೆ. ಮೀನು, ಬಲೆ ಹೇರಿಕೊಂಡು ಬರುವಾಗ ಸುಮ್ನೆ ಕೂಗುತ್ತದೆ, ಎಳೆಯುವುದಿಲ್ಲ. ಎಂಜಿನ್ ತಣ್ಣಗಿಡುವ ನೀರು ಹೊರಗೆ ಚಿಮ್ಮುವ ಕಿಂಡಿಯಲ್ಲೂ ನೀರು ಸಣ್ಣಗೆ.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಗೇಜ್ ಇಟ್ಟು ಹಗ್ಗ ಎಳೆದ. ಮೇಲಿನ ಸಿಲಿಂಡರ್ 95, ಕೆಳಗಿನದು 60. ಎರಡರ ನಡುವೆ ಹತ್ತು ಪರ್ಸೆಂಟ್ ವ್ಯತ್ಯಾಸ ಇದ್ದರೆ ನಡೆಯುತ್ತದೆ, ಇದು ಮೂರನೇ ಒಂದು ಪಾಲಿಗಿಂತ ಜಾಸ್ತಿ. ಆಮೇಲೆ ಕೆಳಗಿನ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. 85ಕ್ಕೆ ಏರಿತು. ಆಯಿಲ್ ಹಾಕಿದ ಮೇಲೂ ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನಬಹುದಿತ್ತು, ಅದು ಸಣ್ಣ ಖರ್ಚು. ಏರಿದರೆ ಹೋಗಿರುವುದು ಪಿಸ್ಟನ್ ರಿಂಗ್ ಅಥವಾ ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಹೆಡ್ ಬಿಚ್ಚುವಾಗ ಒಂದು ಬೋಲ್ಟ್ ಮುರಿದೇ ಹೋಯಿತು. ಉಪ್ಪು ನೀರಿನ ಎಂಜಿನ್‌ಗಳಲ್ಲಿ ಇದು ಮಾಮೂಲು. ಒಳಗೆ ತಣ್ಣೀರು ಓಡಾಡುವ ದಾರಿಯಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಬಂತು. ನೀರು ಹರಿಯದೆ ಕೆಳಗಿನ ಸಿಲಿಂಡರ್ ಕಾದಿದೆ, ಪಿಸ್ಟನ್ ಗೋಡೆಗೆ ಉಜ್ಜಿದೆ. ಗೋಡೆಯ ಮೇಲೆ ಉದ್ದ ಗೀರು. ನಾನೂ ಬೆರಳಾಡಿಸಿ ನೋಡಿದೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ಬೋರ್ ಮಾಡಿಸಿ, ಅಂದರೆ ಗೋಡೆ ಕೊರೆಸಿ ಅಗಲ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಬಹುದು. ಆದರೆ ಈ ಬ್ಲಾಕನ್ನು ಹಿಂದೆ ಒಮ್ಮೆ ಬೋರ್ ಮಾಡಿ ಆಗಿದೆ. ನೀರು ಪಂಪಿನ ಇಂಪೆಲ್ಲರ್, ಸೀಲ್, ಮುರಿದ ಬೋಲ್ಟ್ ಎಲ್ಲ ಸೇರಿ ಮೆಕ್ಯಾನಿಕ್ ಹೇಳಿದ್ದು ನಲವತ್ತು ಸಾವಿರ. ಗ್ಯಾರಂಟಿ ಕೇಳಿದರೆ ನಕ್ಕ.

ಬೇಸಿಗೆಯ ಕಡಲಿಗಾದರೆ ನಾನು ರಿಪೇರಿಗೇ ಹೂಂ ಅನ್ನುತ್ತಿದ್ದೆ. ನಮ್ಮ ದುಡಿಮೆ ಇರುವುದು ಜೂನ್, ಜುಲೈಯಲ್ಲಿ. ಆಗ ದಾಟಬೇಕಾದದ್ದು ಪಂಚಗಂಗಾವಳಿಯ ಐದೂ ಹೊಳೆ ಉಕ್ಕಿ ಬಂದು ಕಡಲಿಗೆ ಸೇರುವ ಅಳಿವೆ. ಅಲೆ ಒಡೆಯುವ ಜಾಗದಲ್ಲಿ ಹೊತ್ತು ನೋಡಿ ಒಂದೇ ಉಸಿರಿಗೆ ನುಗ್ಗಬೇಕು. ಅಲ್ಲಿ ಎಂಜಿನ್ ಸೋತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದರೆ ಮಗುಚುತ್ತದೆ. ನಲವತ್ತು ಸಾವಿರ ಹಾಕಿಯೂ ಅಳಿವೆಯಲ್ಲಿ ಎದೆ ಡವಡವ ಅನ್ನುವುದಾದರೆ ಯಾಕೆ ಬೇಕು?

ಅಣ್ಣನಿಗೆ ಇಷ್ಟು ಸಾಕಾಯಿತು. 15 ಎಚ್‌ಪಿ ತರೋಣ ಎಂದ. ಅಲ್ಲಿ ಮಾತ್ರ ನಾನು ಅಡ್ಡ ಹಾಕಿದೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆಲ್ಲ ನಿಷೇಧ. 10 ಎಚ್‌ಪಿವರೆಗಿನ ದೋಣಿಗೆ ಮಾತ್ರ ಕಡಲಿಗಿಳಿಯಲು ಬಿಡುತ್ತಾರೆ. ಬೋಟುಗಳು ಕಟ್ಟಿ ನಿಂತಿರುವುದರಿಂದಲೇ ನಮ್ಮ ಚಟ್ಲಿಗೆ (ಸೀಗಡಿಗೆ) ಆಗ ರೇಟು. 15 ತಂದರೆ ಆ ಎರಡು ತಿಂಗಳು ದಡದಲ್ಲಿ ಕೂತು ಎಂಜಿನ್ ಒರೆಸಬೇಕು ಅಷ್ಟೇ. 9.9 ಸಾಕು.

ಇನ್ನು ಎಣ್ಣೆಯ ಮಾತು. ಸಬ್ಸಿಡಿ ಸೀಮೆಎಣ್ಣೆ ದೋಣಿಗೆ ತಿಂಗಳಿಗೆ 300 ಲೀಟರ್ ಎಂದು ಲೆಕ್ಕ. ಕೈಗೆ ಬರುವ ಹೊತ್ತು ಬೇರೆ, ಅಳತೆಯೂ ಬೇರೆ. ಬರದ ಎಣ್ಣೆಯನ್ನು ನಂಬಿ ಮತ್ತೊಂದು ಸೀಮೆಎಣ್ಣೆ ಎಂಜಿನ್ ತರುವುದಕ್ಕೆ ನನಗೆ ಮನಸ್ಸಿಲ್ಲ. ಸರ್ಕಾರವೂ 2023ರ ಜುಲೈ ಬಜೆಟ್‌ನಲ್ಲಿ ಸೀಮೆಎಣ್ಣೆಯಿಂದ ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವ ದೋಣಿಗೆ 50,000 ರೂಪಾಯಿ ಎಂದು ಹೇಳಿತ್ತು. ಅರ್ಜಿ ಹಾಕುತ್ತೇವೆ. ಆದರೆ ಅದು ಬರುವವರೆಗೆ ಮಳೆ ಕಾಯುವುದಿಲ್ಲ ಅಲ್ವಾ.

ಪೆಟ್ರೋಲ್ ಲೀಟರ್‌ಗೆ ನೂರು ದಾಟಿದೆ. ಅದರಲ್ಲಿ ಈಗ ಎಥನಾಲ್ 20 ಪರ್ಸೆಂಟ್, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕನ್ನು ಹಾಗೇ ಬಿಟ್ಟರೆ ತಳದಲ್ಲಿ ನೀರು ಕೂರುತ್ತದೆ, ಅದಕ್ಕೆ ಫಿಲ್ಟರ್ ಬೇಕೇಬೇಕು. ಎಣ್ಣೆ ಉಳಿಸಬೇಕೆಂದರೆ ಫೋರ್ ಸ್ಟ್ರೋಕ್ ಒಳ್ಳೆಯದು, ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಳೂ ಇಲ್ಲ. ನಾನು ಅದರ ಪರವೇ ಇದ್ದೆ.

ಅಪ್ಪ ಒಂದೇ ಮಾತು ಕೇಳಿದರು, "ದೋಣಿ ಮಗುಚಿದ್ರೆ ಎಂತ ಮಾಡ್ತಿ?" ಟೂ ಸ್ಟ್ರೋಕ್ ಮುಳುಗಿ ಎದ್ದರೂ ಪ್ಲಗ್ ಬಿಚ್ಚಿ, ನೀರು ಬಸಿದು, ಕೂಡಲೇ ಓಡಿಸಿದರೆ ಉಳಿಯುತ್ತದೆ. ಅಪ್ಪನೇ ಹಾಗೆ ಉಳಿಸಿದ್ದಾರೆ. ಫೋರ್ ಸ್ಟ್ರೋಕ್‌ನ ತಳದ ಆಯಿಲ್ ತೊಟ್ಟಿಗೆ ಉಪ್ಪು ನೀರು ಹೋದರೆ ದಡದಲ್ಲಿ ಕೂತು ಮುಗಿಸುವ ಕೆಲಸವಲ್ಲ, ತೂಕವೂ ಜಾಸ್ತಿ. ಮೆಕ್ಯಾನಿಕ್ ಅಪ್ಪನ ಕಡೆಗೇ ತಲೆಯಾಡಿಸಿದ. ವರ್ಷದ ಲೆಕ್ಕದಲ್ಲಿ ನಾನು ಹೇಳಿದ್ದು ಸರಿ, ಮಳೆಗಾಲದ ಲೆಕ್ಕದಲ್ಲಿ ಅವರದ್ದು ಸರಿ. ಮಳೆಗಾಲವೇ ಗೆದ್ದಿತು. ಪೆಟ್ರೋಲ್, ಟೂ ಸ್ಟ್ರೋಕ್, 9.9.

ಹಳೆಯದರ ಲೆಗ್ (ನೀರಿಗಿಳಿಯುವ ಕೆಳಭಾಗ), ಗೇರ್ ಚೆನ್ನಾಗಿವೆ. ಗೇರ್ ಆಯಿಲ್ ಬಿಳಿಯಾಗಿರಲಿಲ್ಲ, ಅಂದರೆ ನೀರು ಹೊಕ್ಕಿಲ್ಲ. ಮೆಕ್ಯಾನಿಕ್ ಬಿಡಿಭಾಗಕ್ಕೆಂದು ಹನ್ನೆರಡು ಸಾವಿರಕ್ಕೆ ಕೇಳಿದ. ಅಪ್ಪ ಹದಿನೈದು ಎಂದು ಕೂತಿದ್ದಾರೆ.

ಹೊಸದಕ್ಕೆ ಒಂದೂವರೆ ಲಕ್ಷದ ಮೇಲೆ ಬೇಕು. ನಾಳೆ ಸೊಸೈಟಿಗೆ ಹೋಗಬೇಕು. ಅಣ್ಣನ ಹೆಸರಲ್ಲಿ ಬಲೆಯ ಸಾಲ ಇನ್ನೂ ತೀರಿಲ್ಲ, ಹಾಗಾಗಿ ಈ ಸಲ ಅಮ್ಮನ ಹೆಸರಲ್ಲಿ ತೆಗೆಯುವುದು. ಮೀನು ಮಾರಿ ಪಿಗ್ಮಿ ಕಟ್ಟುವವಳು ಅವಳೇ. ಸಂಜೆ ಪಾಸ್‌ಬುಕ್ ತೆಗೆದು ಕೈಗಿಟ್ಟು ಹೇಳಿದಳು, "ಬಿಲ್ಲೂ ನನ್ ಹೆಸ್ರಲ್ಲೇ ಇರ್ಲಿ."